ಸೆಕೆಂಡ್ ಹ್ಯಾಂಡ್ ಲಕ್ಷುರಿ ಫ್ಯಾಮಿಲಿ ಕಾರು ತಗೋಬೇಕಾ ಬೇಡ್ವಾ? ಹೀಗೆ ನೋಡಿ ತೀರ್ಮಾನ ಮಾಡಿ

ಏಳು ಸೀಟಿನ ದೊಡ್ಡ ಕಾರು, ಲೆದರ್ ಸೀಟು, ಮೇಲೆ ಪನೋರಮಿಕ್ ಸನ್‌ರೂಫ್, ಬಾಗಿಲು ಎಳೆದ್ರೆ ಧಪ್ ಅಂತ ಗಟ್ಟಿ ಸದ್ದು, ಆಮೇಲೆ ಹೊರಗಿನ ಗಲಾಟೆ ಒಂದೂ ಕೇಳ್ಸಲ್ಲ. ಮಕ್ಕಳು ಹಿಂದೆ ಹತ್ತಿ ಕೂತ್ಬಿಟ್ರೆ ಇಳಿಯೋಕೆ ಒಪ್ಪಲ್ಲ. ಐದಾರು ವರ್ಷ ಓಡಿರೋ ಇಂಥ ಕಾರು ಒಂದು ಹೊಸ ಸಾಧಾರಣ ಕಾರಿನ ಬೆಲೆಗೇ ಸಿಗುತ್ತೆ ಅಂದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ. ಆಸೆ ಪಡೋದ್ರಲ್ಲಿ ತಪ್ಪೇನಿಲ್ಲ, ಒಳ್ಳೇ ಕಾರು ಸಿಕ್ರೆ ಹತ್ತು ವರ್ಷ ಸುಖವಾಗಿ ಓಡಿಸ್ಬಹುದು. ಆದ್ರೆ ಒಂದು ಮಾತು ಮೊದಲೇ ತಲೇಲಿ ಇಟ್ಕೊಳ್ಳಿ, ಕಾರಿನ ಬೆಲೆ ಇಳಿದಿರುತ್ತೆ, ಅದರ ಪಾರ್ಟ್ಸ್ ಬೆಲೆ ಇಳಿದಿರಲ್ಲ. ಮೂರನೇ ಒಂದು ಪಾಲು ದುಡ್ಡಿಗೆ ಕಾರು ತಗೊಂಡ್ರೂ ಹೆಡ್‌ಲ್ಯಾಂಪ್ ಒಡೆದ್ರೆ ಹೊಸ ಕಾರಿನವರು ಎಷ್ಟು ಕೊಡ್ತಾರೋ ಅಷ್ಟೇ ನೀವೂ ಕೊಡ್ಬೇಕು. ಕೊಳ್ಳೋವಾಗ ಕೈಗೆಟಕಿದ ಕಾರು ಸಾಕೋವಾಗ ಕೈಗೆಟಕಲ್ಲ ಅನ್ನೋ ಪರಿಸ್ಥಿತಿ ಬರೋದು ಇಲ್ಲೇ.

ಮೊದಲು ಐದು ರೇಟ್ ಕೇಳಿ

ಕಾರು ನೋಡೋಕೆ ಹೋಗೋಕ್ಕಿಂತ ಮುಂಚೆ ಮಾಡ್ಬೇಕಾದ ಕೆಲಸ ಇದು, ಬಹಳ ಜನ ಇದನ್ನ ಬಿಟ್ಬಿಡ್ತಾರೆ. ನೀವು ಕಣ್ಣಿಟ್ಟಿರೋ ಮಾಡೆಲ್ ಮತ್ತು ವರ್ಷ ಹೇಳಿ ಪಾರ್ಟ್ಸ್ ಮಾರೋರ ಹತ್ರ ಐದು ರೇಟ್ ಕೇಳಿ ಬರ್ಕೊಳ್ಳಿ: ಒಂದು ಕಡೆಯ ಹೆಡ್‌ಲ್ಯಾಂಪ್ ಪೂರ್ತಿ ಸೆಟ್ಟು, ನಾಲ್ಕು ಟೈರು, ಮುಂದೆ ಹಿಂದೆ ಸೇರಿ ಬ್ರೇಕ್ ಡಿಸ್ಕು ಮತ್ತು ಪ್ಯಾಡು, ಒಂದು ಚಕ್ರದ ಏರ್ ಸಸ್ಪೆನ್ಶನ್ (ಸ್ಪ್ರಿಂಗ್ ಬದಲು ಇರೋ ಗಾಳಿ ಚೀಲ), ಆಮೇಲೆ ಗೇರ್‌ಬಾಕ್ಸ್ ಆಯಿಲ್ ಸರ್ವಿಸ್. ಈ ಐದನ್ನೂ ಕೂಡಿಸಿ ನೋಡಿ, ಇವೆಲ್ಲ ಒಟ್ಟಿಗೇ ಬರಲ್ಲ ನಿಜ, ಆದ್ರೆ ಮೂರು ನಾಲ್ಕು ವರ್ಷದೊಳಗೆ ಇವುಗಳಲ್ಲಿ ಎರಡು ಮೂರಾದ್ರೂ ಬಂದೇ ಬರ್ತವೆ ಅಂತ ಇಟ್ಕೊಳ್ಳಿ. ನನ್ನ ಲೆಕ್ಕ ಕೇಳಿದ್ರೆ, ಕಾರಿನ ಬೆಲೆಯ ಐದರಲ್ಲೊಂದು ಪಾಲು ಮೊದಲ ವರ್ಷದ ಖರ್ಚಿಗೆ ಅಂತಾನೇ ಪಕ್ಕಕ್ಕೆ ಇಡ್ಬೇಕು, ಅಂದ್ರೆ ಕೈಲಿರೋ ಎಲ್ಲಾ ದುಡ್ಡನ್ನೂ ಕಾರಿಗೇ ಸುರೀಬಾರ್ದು. ಸಾಲ ಮಾಡಿ ಕಾರು ತಗೊಂಡು ರಿಪೇರಿಗೆ ಮತ್ತೊಂದು ಸಾಲ ಮಾಡ್ಬೇಕು ಅನ್ನೋ ಸ್ಥಿತಿ ಇದ್ರೆ ಇಲ್ಲೇ ನಿಲ್ಲಿಸಿ, ಮುಂದಿನ ಹೆಜ್ಜೆ ಬೇಡ.

ಇನ್ಶೂರೆನ್ಸು, ಇಂಧನದ ಖರ್ಚು ಕೂಡ ಈಗ್ಲೇ ಕೇಳಿಬಿಡಿ. ಎರಡು ಟನ್ನು ದಾಟಿರೋ ಕಾರು ಸಿಟಿ ಟ್ರಾಫಿಕ್ಕಲ್ಲಿ ಕುಡಿಯೋದು ಕಮ್ಮಿ ಇರಲ್ಲ.

ಮನೆಯವರನ್ನ ಕೂರಿಸಿ ನೋಡಿ

ಫ್ಯಾಮಿಲಿಗೆ ಅಂತ ತಗೊಳ್ಳೋದಾದ್ರೆ ಫ್ಯಾಮಿಲಿ ಕೂತು ನೋಡ್ಬೇಕು. ಮೂರನೇ ಸಾಲಿಗೆ ದೊಡ್ಡವರೊಬ್ಬರನ್ನ ಕೂರಿಸಿ, ಮೊಣಕಾಲು ಎಲ್ಲಿ ತಾಗುತ್ತೆ, ಎಸಿ ಗಾಳಿ ಅಲ್ಲಿವರೆಗೂ ಬರುತ್ತಾ, ಕಿಟಕಿ ಮೇಲಿಂದ ಪರದೆ ಥರ ಬಿಚ್ಚಿಕೊಳ್ಳೋ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲನ್ನೂ ಕವರ್ ಮಾಡುತ್ತಾ ಇಲ್ಲ ಎರಡನೇ ಸಾಲಿಗೇ ಮುಗಿಯುತ್ತಾ ಕೇಳಿ. ಮಗುವಿನ ಸೀಟ್ ಇದ್ರೆ ಅದನ್ನೇ ತಗೊಂಡ್ಹೋಗಿ ಐಸೋಫಿಕ್ಸ್ ಕೊಂಡಿಗೆ (ಮಗುವಿನ ಸೀಟ್ ಬಿಗಿಯೋಕೆ ಕಾರಲ್ಲೇ ಇರೋ ಕೊಂಡಿ) ಹಾಕಿ, ಹಾಕಿದ್ಮೇಲೆ ಪಕ್ಕದ ಸೀಟ್ ಮಡಚಿ ಹಿಂದಕ್ಕೆ ಹೋಗೋಕೆ ದಾರಿ ಉಳಿಯುತ್ತಾ ನೋಡಿ. ಏಳೂ ಸೀಟ್ ಎತ್ತಿ ನಿಲ್ಲಿಸಿದಾಗ ಡಿಕ್ಕೀಲಿ ಎಷ್ಟು ಜಾಗ ಉಳಿಯುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡಿ, ಎಷ್ಟೋ ಕಾರಲ್ಲಿ ಎರಡು ಬ್ಯಾಗಿಗೇ ಸರಿಹೋಗುತ್ತೆ. ವರ್ಷಕ್ಕೆ ಎರಡು ಸಲ ಮಾತ್ರ ಮೂರನೇ ಸಾಲು ಬೇಕು ಅನ್ನೋರಿಗೆ ಐದು ಸೀಟಿನ ಚಿಕ್ಕ ಮಾಡೆಲ್ಲೇ ಮೇಲು, ಖರ್ಚೂ ಕಮ್ಮಿ.

ಕಾಗದಪತ್ರದ ಕಟ್ಟು

ಬ್ರ್ಯಾಂಡ್ ಯಾವುದು ಅನ್ನೋದಕ್ಕಿಂತ ಈ ಒಂದು ಕಾರನ್ನ ಹೇಗೆ ಸಾಕಿದಾರೆ ಅನ್ನೋದು ಮುಖ್ಯ. ಪ್ರತಿ ಸರ್ವಿಸ್ಸಿನ ತಾರೀಕು, ಕಿಲೋಮೀಟರು, ಏನು ಬದಲಾಯ್ಸಿದ್ರು ಅನ್ನೋ ಬಿಲ್ಲು ಕೇಳಿ. ಬರೀ ಆಯಿಲ್ ಚೇಂಜ್ ಬಿಲ್ಲುಗಳೇ ಇದ್ರೆ ಸಾಲ್ದು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗ್ಬೇಕು ಅಂತ ಬಹಳ ಕಂಪನಿಗಳು ಹೇಳ್ತವೆ, ಅದು ಆಗಿದೆಯಾ? ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ವಿಷಯಕ್ಕೆ ಬಂದ್ರೆ 'ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ' ಅಂತ ಹೇಳೋರು ಸಿಗ್ತಾರೆ, ನಂಬ್ಬೇಡಿ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್ ಥರದ ಕಾರುಗಳಿಗೆ ಎಂಟು ಗೇರಿನ ಬಾಕ್ಸ್ ಮಾಡಿಕೊಡೋ ಜೆಡ್‌ಎಫ್ ಕಂಪನೀನೇ 80,000 ದಿಂದ 1,20,000 ಕಿಲೋಮೀಟರ್ ಒಳಗೆ ಬದಲಾಯ್ಸಿ ಅನ್ನುತ್ತೆ. ಲಕ್ಷ ದಾಟಿದ ಕಾರಲ್ಲಿ ಇದು ಆಗಿಲ್ಲ ಅಂದ್ರೆ ಆ ಖರ್ಚು ನಿಮ್ಮ ತಲೆ ಮೇಲೆ ಅಂತ ಬೆಲೇಲಿ ಹಿಡೀರಿ.

ಚಾಸಿ ನಂಬರು 17 ಅಕ್ಷರ ಅಂಕಿಗಳದ್ದು, ವಿಂಡ್‌ಶೀಲ್ಡ್ ಕೆಳಗೆ, ಬಾಗಿಲ ಕಂಬದ ಸ್ಟಿಕ್ಕರಲ್ಲಿ, ಬಾಡಿ ಮೇಲೆ ಕೊರೆದಿರೋ ಕಡೆ, ಪತ್ರದಲ್ಲಿ, ಎಲ್ಲಾ ಕಡೆ ಒಂದೇ ಇರ್ಬೇಕು. ಅದೇ ನಂಬರ್ ಹಾಕಿ ಕಂಪನಿ ಸೈಟಲ್ಲಿ ರೀಕಾಲ್, ಅಂದ್ರೆ ದೋಷ ಸರಿಮಾಡೋಕೆ ಕಂಪನಿ ಕಾರನ್ನ ವಾಪಸ್ ಕರೆಸೋದು, ಬಾಕಿ ಇದೆಯಾ ನೋಡಿ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗ್ ರೀಕಾಲಲ್ಲಿ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರು ಬಂದಿದ್ವು, ಅದರಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ, ಲೆಕ್ಸಸ್ ಎಲ್ಲಾ ಇದ್ವು. ಒಳಗಿದ್ದ ಅಮೋನಿಯಂ ನೈಟ್ರೇಟ್ ಸೆಖೆಗೆ, ತೇವಕ್ಕೆ ವರ್ಷಗಟ್ಟಲೆ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳೋವಾಗ ಲೋಹದ ಚೂರು ಸಿಡಿದು ಜನ ಸತ್ತಿದಾರೆ. ರೀಕಾಲ್ ಕೆಲಸ ಸಾಮಾನ್ಯವಾಗಿ ಫ್ರೀ, ಮಾಡಿಸದೇ ಬಿಟ್ಟಿರೋ ಕಾರಲ್ಲಿ ಮಕ್ಕಳನ್ನ ಕೂರಿಸ್ಬೇಡಿ.

ಬೆಳಿಗ್ಗೆ, ಇಂಜಿನ್ ತಣ್ಣಗಿರೋವಾಗ ಹೋಗಿ

ಒಂದು ಏಳು ಸೀಟಿನ ಕಾರನ್ನ ನಾನು ಸಂಜೆ ಹೊತ್ತು ನೋಡಿದ್ದೆ, ಮೈಯೆಲ್ಲ ಫಳಫಳ, ಓಡ್ಸಿದ್ರೆ ಬೆಣ್ಣೆ, ಮನೇಲೂ ಎಲ್ಲರಿಗೂ ಇಷ್ಟ ಆಗಿ ಅಡ್ವಾನ್ಸ್ ಕೊಡೋದೊಂದೇ ಬಾಕಿ. ಯಾಕೋ ಮನಸ್ಸು ತಡೀದೆ ಮಾರನೇ ದಿನ ಬೆಳಿಗ್ಗೆ ಬೇಗ ಹೋದೆ, ಕಾರು ರಾತ್ರಿ ನಿಂತಲ್ಲೇ ನಿಂತಿತ್ತು, ಹಿಂದಿನ ಎಡಗಡೆ ಮೂಲೆ ಮಾತ್ರ ಕಾಲು ಮಡಚಿ ಕೂತ ಹಸುವಿನ ಥರ ಕೆಳಗಿಳಿದಿತ್ತು. ಚಕ್ರದ ಮೇಲಿನ ಕಮಾನಿಗೂ ಟೈರಿಗೂ ನಡುವೆ ಬಲಗಡೆ ನಾಲ್ಕು ಬೆರಳು ಹೋಗ್ತಿತ್ತು, ಎಡಗಡೆ ಎರಡು ಬೆರಳೂ ಕಷ್ಟ. ಸ್ಟಾರ್ಟ್ ಮಾಡಿದ್ಮೇಲೆ ಕಂಪ್ರೆಸರ್ ಗುರ್ರ್ ಅಂತ ಶುರುವಾಗಿ ಒಂದು ನಿಮಿಷದಲ್ಲಿ ಕಾರು ಎದ್ದು ನಿಂತು ಏನೂ ಆಗೇ ಇಲ್ಲ ಅನ್ನೋ ಹಾಗೆ ಸಮ ಆಗ್ಬಿಡ್ತು. ಸಂಜೆ ನಾನು ನೋಡಿದ್ದು ಆ ಎದ್ದು ನಿಂತ ಕಾರನ್ನ.

ಏರ್ ಸಸ್ಪೆನ್ಶನ್ನಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ವರ್ಷ ಕಳೆದಂತೆ ರಬ್ಬರ್ ಮಡಿಕೆಗಳಲ್ಲಿ ಬಿರುಕು ಬಿಡುತ್ತೆ, ಗಾಳಿ ಸಣ್ಣಗೆ ಸೋರುತ್ತೆ, ಸೋರಿದ್ದನ್ನ ತುಂಬೋಕೆ ಕಂಪ್ರೆಸರ್ ಪದೇಪದೇ ಓಡಿ ಓಡಿ ಕೊನೆಗೆ ಅದೂ ಸುಟ್ಟುಹೋಗುತ್ತೆ, ಒಂದು ಚೀಲದ ಖರ್ಚಿನ ಜೊತೆ ಕಂಪ್ರೆಸರ್ ಖರ್ಚೂ ಸೇರುತ್ತೆ. ಅದಕ್ಕೇ ಟೇಪ್ ತಗೊಂಡ್ಹೋಗಿ, ನಾಲ್ಕೂ ಚಕ್ರದ ನಡುವಿಂದ ಮೇಲಿನ ಕಮಾನಿನವರೆಗೆ ಅಳತೆ ಬರ್ಕೊಂಡು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ಅಳೀರಿ. ಆಮೇಲೆ ಎತ್ತರ ಬದಲಾಯ್ಸೋ ಬಟನ್ ಒತ್ತಿ ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ತನ್ನಿ. ಒಂದು ಮೂಲೆ ತಡ ಮಾಡಿದ್ರೆ ಅಲ್ಲೇ ಉತ್ತರ ಸಿಕ್ತು.

ಇಂಜಿನ್ನೂ ತಣ್ಣಗಿರೋವಾಗ್ಲೇ ಕೇಳ್ಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ, ಬೆಚ್ಚಗಿದ್ರೆ ನೀವು ಬರೋಕ್ಕೆ ಮುಂಚೆ ಯಾರೋ ಸ್ಟಾರ್ಟ್ ಮಾಡಿದಾರೆ, ಇನ್ನೊಂದು ದಿನ ಬರ್ತೀನಿ ಅನ್ನಿ. ಮೊದಲ ಎರಡು ಮೂರು ಸೆಕೆಂಡ್ ಸರಪಳಿ ಅಲುಗಾಡಿಸಿದ ಹಾಗೆ ಗಲಗಲ ಸದ್ದು ಬಂದ್ರೆ ಇಂಜಿನ್ ಒಳಗಿನ ಟೈಮಿಂಗ್ ಚೈನ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಉರೀತಿದೆ, ಇಂಜಿನ್ ಬಿಸಿಯಾದ್ಮೇಲೂ ಬಿಳಿ ಹೊಗೆ ನಿಲ್ಲದೇ ಸಿಹಿ ವಾಸನೆ ಬಂದ್ರೆ ಇಂಜಿನ್ ತಂಪು ಮಾಡೋ ಕೂಲೆಂಟ್ ಇಂಜಿನ್ ಒಳಗೆ ಹೋಗಿ ಉರೀತಿರ್ಬಹುದು.

ಕೀ ಆನ್ ಮಾಡಿ ಸ್ಟಾರ್ಟ್ ಮಾಡೋ ಮುಂಚೆ ಡ್ಯಾಶ್‌ಬೋರ್ಡ್ ನೋಡಿ, ಏರ್‌ಬ್ಯಾಗ್, ಎಬಿಎಸ್, ಇಂಜಿನ್ ದೀಪ ಎಲ್ಲಾ ಒಮ್ಮೆ ಹತ್ತಿ ಆಮೇಲೆ ಆರ್ಬೇಕು, ಇಂಜಿನ್ ದೀಪ ಮಾತ್ರ ಸ್ಟಾರ್ಟ್ ಆದ್ಮೇಲೆ ಆರುತ್ತೆ. ಹತ್ತೋದೇ ಇಲ್ಲ ಅಂದ್ರೆ ಹತ್ತಿ ಉಳಿದಿರೋದಕ್ಕಿಂತ ಕೆಟ್ಟದ್ದು, ಯಾರೋ ದೋಷ ಮುಚ್ಚಿಟ್ಟಿರ್ಬಹುದು.

ನೀರು, ಟೈರು, ಮೀಟರು

ಸನ್‌ರೂಫ್ ಮೂಲೆಗಳಲ್ಲಿ ನೀರು ಹೋಗೋ ಸಣ್ಣ ಪೈಪ್ ಇರ್ತವೆ, ಅವು ಕಸ ಕಟ್ಟಿದ್ರೆ ಮಳೆ ನೀರು ಕಾರ್ಪೆಟ್ ಕೆಳಗೆ ಇಳಿಯುತ್ತೆ, ಅಲ್ಲೇ ಎಷ್ಟೋ ಕಾರಲ್ಲಿ ಎಲೆಕ್ಟ್ರಾನಿಕ್ ಬಾಕ್ಸ್ ಇಟ್ಟಿರ್ತಾರೆ. ಕಾರ್ಪೆಟ್ ಒತ್ತಿ ನೋಡಿ, ಮುಗ್ಗಲು ವಾಸನೆ ಇದೆಯಾ ನೋಡಿ, ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ, ಇದ್ರೆ ಪ್ರವಾಹದಲ್ಲಿ ಮುಳುಗಿದ ಕಾರು ಇರ್ಬಹುದು, ಎಷ್ಟು ಅಗ್ಗ ಕೊಟ್ರೂ ಬೇಡ.

ಟೈರಿನ ಪಕ್ಕ ಡಾಟ್ ಕೋಡಿನ ಕೊನೇ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತೆ, 2319 ಅಂದ್ರೆ 2019ರ 23ನೇ ವಾರ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಕಾರಲ್ಲಿ ನಾಲ್ಕು ಟೈರೂ ಕಂಪನಿ ಹೇಳಿದ ಅಳತೇಲೇ ಇರ್ಬೇಕು, ಸವೆತವೂ ಹೆಚ್ಚುಕಮ್ಮಿ ಒಂದೇ ಥರ ಇರ್ಬೇಕು. ಬೇರೆಬೇರೆ ಹಾಕಿ ಓಡ್ಸಿದ್ರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಸುಮ್ಸುಮ್ನೆ ಸವೆಯುತ್ತೆ, ಜೊತೆಗೆ ದುಬಾರಿ ಕಾರಿಗೆ ಅಗ್ಗದ ನಾಲ್ಕು ಥರದ ಟೈರ್ ಹಾಕಿದಾರೆ ಅಂದ್ರೆ ಕಣ್ಣಿಗೆ ಕಾಣದ ಕಡೆ ಎಷ್ಟು ಉಳಿಸಿರ್ತಾರೆ ಅಂತ ನೀವೇ ಯೋಚ್ನೆ ಮಾಡಿ.

ಮೀಟರ್ 50,000 ತೋರಿಸ್ತಿದ್ದು ಬ್ರೇಕ್ ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ರೆ, ಡ್ರೈವರ್ ಸೀಟಿನ ಹೊರ ಅಂಚಿನ ಲೆದರ್ ಸೀಳಿದ್ರೆ, ಸ್ಟೀರಿಂಗ್ ಸವೆದು ಫಳಫಳ ಅಂತಿದ್ರೆ ಲೆಕ್ಕ ತಾಳೆ ಆಗಲ್ಲ. ಡೀಸೆಲ್ ಕಾರಾದ್ರೆ ಹಿಂದಿನವರು ಎಲ್ಲಿ ಓಡಿಸ್ತಿದ್ರು ಕೇಳಿ, ಬರೀ ಹತ್ತಿರದ ಓಡಾಟಕ್ಕೆ ಬಳಸಿದ್ರೆ ಡಿಪಿಎಫ್ ಅನ್ನೋ ಮಸಿ ಫಿಲ್ಟರ್ ತನ್ನ ಮಸಿ ಸುಟ್ಟುಕೊಳ್ಳೋಷ್ಟು ಬಿಸಿ ಆಗದೆ ಕಟ್ಕೊಂಡಿರುತ್ತೆ.

ಸ್ಕ್ಯಾನರ್, ಲಿಫ್ಟ್, ಮತ್ತೆ ನಿಮ್ಮದೇ ಮೆಕ್ಯಾನಿಕ್ಕು

ಇಷ್ಟೆಲ್ಲ ಪಾಸಾದ್ಮೇಲೆ ಆ ಬ್ರ್ಯಾಂಡ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಹತ್ರ ದುಡ್ಡು ಕೊಟ್ಟು ತೋರಿಸಿ, ಮಾರೋರಿಗೆ ಸಂಬಂಧ ಇಲ್ಲದವರು ಆಗಿರ್ಬೇಕು. ಲಿಫ್ಟ್ ಮೇಲೆ ಎತ್ತಿ ಆಯಿಲ್ ಸೋರಿಕೆ, ಬುಶ್, ವೆಲ್ಡಿಂಗ್ ಗುರುತು ನೋಡ್ತಾರೆ. ಸ್ಕ್ಯಾನರನ್ನ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಓದೋ ಸಾಕೆಟ್ಟು) ಚುಚ್ಚಿದಾಗ ಬರೀ ಎರರ್ ಕೋಡ್ ಕೇಳ್ಬೇಡಿ, ರೆಡಿನೆಸ್ ಮಾನಿಟರ್, ಅಂದ್ರೆ ಕಾರು ತನ್ನನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅನ್ನೋ ಪಟ್ಟಿ, ಏನು ತೋರಿಸುತ್ತೆ ಅಂತ ಕೇಳಿ. ಕೋಡ್ ಒಂದೂ ಇಲ್ಲ ಆದ್ರೆ ಮಾನಿಟರೆಲ್ಲ 'ನಾಟ್ ರೆಡಿ' ಅಂತಿದ್ರೆ ಈಗಷ್ಟೇ ಎಲ್ಲಾ ಅಳಿಸಿರ್ಬಹುದು, ಇಲ್ಲಾ ಬ್ಯಾಟರಿ ಬಿಚ್ಚಿರ್ಬಹುದು, ಕೆಲವು ದಿನ ಓಡ್ಸಿದ್ಮೇಲೆ ಮತ್ತೆ ನೋಡ್ಬೇಕು. ಪೇಂಟ್ ದಪ್ಪ ಅಳೆಯೋ ಮೀಟರ್ ಇದ್ರೆ ಇನ್ನೂ ಒಳ್ಳೇದು, ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ, ಒಂದು ಬಾಗಿಲಲ್ಲಿ ಮಾತ್ರ 400, 500 ಬಂದ್ರೆ ಅದಕ್ಕೆ ಮತ್ತೆ ಪೇಂಟ್ ಹೊಡೆದಿದಾರೆ, ಅದರಡಿ ಪುಟ್ಟಿಯೂ ಇರ್ಬಹುದು. ಬಾಗಿಲಿನ ಗೀರಿಗೆ ಹೆದರ್ಬೇಕಿಲ್ಲ, ಕಂಬ ಮತ್ತು ಚಾಸಿಗೆ ಪೆಟ್ಟು ಬಿದ್ದಿದ್ರೆ ಮಾತ್ರ ಆ ಕಾರನ್ನ ಮರ್ತುಬಿಡಿ. ತೋರ್ಸೋಕೆ ಮಾರೋರು ಒಪ್ಪಲ್ಲ ಅಂದ್ರೂ ಅಷ್ಟೇ, ಎರಡನೇ ಮಾತೇ ಬೇಡ.

ತೀರ್ಮಾನದ ದಿನ ಮೆಕ್ಯಾನಿಕ್ ಬರೆದ ಪಟ್ಟಿ ಪಕ್ಕ ನೀವು ಮೊದಲು ಬರ್ಕೊಂಡ ಐದು ರೇಟ್ ಇಟ್ಕೊಳ್ಳಿ. ತಕ್ಷಣ ಆಗ್ಬೇಕಾದ ಕೆಲಸದ ಖರ್ಚನ್ನ ಕಾರಿನ ಬೆಲೆಗೆ ಕೂಡಿಸಿ, ಆ ಮೊತ್ತಕ್ಕೆ ಅದೇ ಮಾಡೆಲ್ಲಿನ ಇನ್ನೂ ಹೊಸ ವರ್ಷದ್ದು, ವಾರಂಟಿ ಉಳಿದಿರೋದು ಸಿಗುತ್ತಾ ನೋಡಿ. ಸಿಗೋ ಹಾಗಿದ್ರೆ ಅದನ್ನೇ ತಗೊಳ್ಳಿ. ಪಕ್ಕಕ್ಕಿಟ್ಟ ದುಡ್ಡನ್ನ ಮುಟ್ಟದೆ ಬೆಲೆ ಹೊಂದುತ್ತೆ, ದಾಖಲೆ ಪೂರ್ತಿ ಇದೆ, ಬೆಳಿಗ್ಗೆ ನಾಲ್ಕೂ ಮೂಲೆ ಸಮ ನಿಂತಿತ್ತು ಅಂದ್ರೆ ಧೈರ್ಯವಾಗಿ ತಗೊಳ್ಳಿ, ಹಿಂದಿನವರ ಸಾಲ ತೀರಿದೆ ಅನ್ನೋ ಪತ್ರ ಕೈಗೆ ಬಂದ್ಮೇಲೆ ದುಡ್ಡು ಕೊಡಿ.

ಕೀ ಎರಡೂ ಇಸ್ಕೊಳ್ಳಿ, ಇಂಥ ಕಾರಿಗೆ ಹೊಸ ಕೀ ಮಾಡ್ಸೋದು ದುಬಾರಿ, ದಿನಗಟ್ಟಲೆ ಕಾಯ್ಬೇಕು ಕೂಡ. ಜೊತೆಗೆ ಅಲ್ಲೇ ನಿಂತು ಹಿಂದಿನ ಮಾಲೀಕರ ಮೊಬೈಲ್ ಆಪಿಂದ ಕಾರನ್ನ ತೆಗೆಸಿ, ಕಾರಿನ ಸ್ಕ್ರೀನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಇಲ್ಲಾಂದ್ರೆ ನಿಮ್ಮ ಕಾರು ಎಲ್ಲಿ ನಿಂತಿದೆ ಅಂತ ಅವರ ಫೋನಲ್ಲಿ ಕಾಣ್ತಾ ಇರುತ್ತೆ, ಕೆಲವು ಕಾರಲ್ಲಿ ಬಾಗಿಲು ಕೂಡ ಅಲ್ಲಿಂದಲೇ ತೆಗೀಬಹುದು.