ಎರೆ ಮಣ್ಣಿನ ಊರಲ್ಲಿ ದಾಸವಾಳ

ರಾಯಚೂರಿನ ಬಿಸಿಲಿಗೆ ದಾಸವಾಳ ತಾಳುವುದಿಲ್ಲ ಎಂದು ಇಲ್ಲಿ ಬಹಳ ಜನ ಹೇಳುತ್ತಾರೆ. ನಾನು ಬೆಳೆಸಿ ನೋಡಿದಂತೆ ಬಿಸಿಲಿಗಿಂತ ಹೆಚ್ಚು ಕಾಡುವುದು ಮಣ್ಣು. ನಮ್ಮ ಕಪ್ಪು ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದು ಬೇರು ತುಂಡಾಗುತ್ತದೆ. ಅದಕ್ಕೇ ನಾನು ಮಸಾರಿ (ಕೆಂಪು) ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿ, ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ ನೆಡುತ್ತೇನೆ.

ನಾಟಿ ಕೆಂಪು ದಾಸವಾಳಕ್ಕೆ ನರ್ಸರಿಗೆ ಹೋಗಬೇಕಿಲ್ಲ. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆರಳಲ್ಲಿ ಊರಿದರೆ ಸಾಕು.

ಇನ್ನು ಹಳದಿ ಎಲೆಯ ವಿಷಯ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಸುರಿದು ಏನೂ ಪ್ರಯೋಜನವಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಜಾಸ್ತಿ ಇರುವುದರಿಂದ ಬೇರಿಗೆ ಸಿಗುವುದಿಲ್ಲ, ಅಷ್ಟೇ. ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟನ್ನು, ಬುಡಕ್ಕೆ ಹಾಕಿದರೂ ಇದೇ ಪಾಡು. ಎಲೆಗೇ ಕೊಡಬೇಕು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಹೊಸ ಚಿಗುರು ಕಡುಹಸಿರಾಗಿ ಬರುವುದನ್ನು ನೋಡುವುದೇ ಒಂದು ಖುಷಿ. ಬೋರಿನ ಗಡಸು ನೀರಿನಿಂದ ಈ ತೊಂದರೆ ಹೆಚ್ಚುತ್ತದೆ. ಮಳೆ ನೀರು ಹಿಡಿದಿಟ್ಟರೆ ಒಳ್ಳೆಯದು.

ಹಿಟ್ಟು ತಿಗಣೆ, ಅಂದರೆ ಮೈಮೇಲೆ ಬಿಳಿ ಹಿಟ್ಟಿರುವ, ಗಿಡದ ರಸ ಹೀರುವ ಹುಳ, ನಮ್ಮ ಕಡೆಯ ದೊಡ್ಡ ಕಾಟ. ಹತ್ತಿ, ಬೆಂಡೆ, ಪುಂಡಿ, ದಾಸವಾಳ ಎಲ್ಲ ಒಂದೇ ಕುಟುಂಬದವು ಅಲ್ವಾ? ಹತ್ತಿ ಬಿಡಿಸಿದ ಮೇಲೆ ಉರುವಲಿಗೆಂದು ಕಟ್ಟಿಗೆಯನ್ನು ಮನೆ ಪಕ್ಕ ಒಟ್ಟುತ್ತಾರೆ. ಹುಳ ಅಲ್ಲೇ ಉಳಿದು ಗಿಡಕ್ಕೆ ಬರುತ್ತದೆ. ಗಿಡದ ಮೇಲೆ ಇರುವೆ ಸಾಲು ಕಂಡ ದಿನವೇ ಎಲೆಯ ಅಡಿ ತಿರುಗಿಸಿ ನೋಡಿ. ಮುದುಡಿದ ತುದಿಗಳನ್ನು ಕತ್ತರಿಸಿ ಸುಡುತ್ತೇನೆ. ಉಳಿದದ್ದನ್ನು ನೀರಿನ ರಭಸಕ್ಕೆ ತೊಳೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಒಂದಿಷ್ಟು ಸೋಪಿನ ನೀರು ಸೇರಿಸಿ ವಾರಕ್ಕೊಮ್ಮೆ ಹೊಡೆಯುತ್ತೇನೆ. ಇದನ್ನೂ ಸಂಜೆಯೇ ಮಾಡಬೇಕು, ಬಿಸಿಲಲ್ಲಿ ಎಣ್ಣೆ ಎಲೆ ಸುಡುತ್ತದೆ.

ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮೊಗ್ಗು ಉದುರುತ್ತದೆ. ಬುಡಕ್ಕೆ ತೊಗರಿ ಹೊಟ್ಟು ಹರಡಿ, ಬೆಳಗ್ಗೆ ತಪ್ಪದೆ ನೀರು ಕೊಟ್ಟರೆ ಉದುರುವುದು ಕಡಿಮೆ. ದಾಸವಾಳ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ಹಾಗಾಗಿ ಮೊದಲ ಮಳೆ ಬಿದ್ದ ಕೂಡಲೇ ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಸವರುತ್ತೇನೆ. ಗಣೇಶ ಚೌತಿಯ ಹೊತ್ತಿಗೆ ಬುಟ್ಟಿ ತುಂಬ ಹೂ ಸಿಗುತ್ತವೆ.