ವಯಸ್ಕರ ಓದು ಬರಹದ ತರಗತಿ: ಸಂಶೋಧನೆಯನ್ನು ಕೆಲಸಕ್ಕೆ ತರುವುದು ಹೇಗೆ?

ವರದಿಗಳನ್ನು ಹುಡುಕುವ ಮೊದಲು ನಿಮ್ಮದೇ ಹಾಜರಿ ಪುಸ್ತಕ ತೆರೆಯಿರಿ. ಹಿಂದಿನ ತಂಡದಲ್ಲಿ ಯಾರು ಎಷ್ಟನೇ ವಾರ ಬಿಟ್ಟರು ಎಂದು ಗುರುತು ಹಾಕಿ. ಮೊದಲ ಮೂರು ವಾರದಲ್ಲೇ ಹೆಚ್ಚು ಜನ ಹೋಗಿದ್ದರೆ ತರಗತಿಯ ಹೊತ್ತನ್ನೂ ಸೇರಿಸಿಕೊಳ್ಳುವ ರೀತಿಯನ್ನೂ ಮೊದಲು ನೋಡಿ. ಕೊನೆಯವರೆಗೆ ಬಂದವರಿಗೂ ಓದು ಕೈಗೆ ಹತ್ತಿಲ್ಲದಿದ್ದರೆ ಪಾಠವನ್ನು ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ.

ಅಧ್ಯಯನ ಸಿಕ್ಕಿದ ಮೇಲೆ ಅದರಲ್ಲಿದ್ದವರು ವಯಸ್ಕರೇ ಮಕ್ಕಳೇ, ವಾರಕ್ಕೆ ಎಷ್ಟು ಗಂಟೆ ಕಲಿತರು, ಯಾವ ಭಾಷೆಯಲ್ಲಿ ಎಂದು ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಹೇಳಿದ 'ನಿಮಿಷಕ್ಕೆ ಇಷ್ಟು ಪದ' ಎಂಬ ಗುರಿ ಕನ್ನಡಕ್ಕೆ ಹೊಂದುವುದಿಲ್ಲ. ವಿಭಕ್ತಿ, ಕಾಲ ಎಲ್ಲ ಸೇರಿ ನಮ್ಮ ಪದಗಳು ಉದ್ದ.

ಒಂದು ಉದಾಹರಣೆ. ಜಾನ್ ಕಮಿಂಗ್ಸ್ ಮತ್ತು ಸಂಗಡಿಗರು ಅಮೆರಿಕದ ವಯಸ್ಕ ಕಲಿಕಾರ್ಥಿಗಳನ್ನು ಸಂದರ್ಶಿಸಿ 1999ರಲ್ಲಿ ಕೊಟ್ಟ ವರದಿಯ ಪ್ರಕಾರ, ಖಚಿತ ಗುರಿ ಹೇಳಿದವರು ತರಗತಿಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಇದನ್ನು ಕೆಲಸಕ್ಕೆ ಇಳಿಸುವುದು ಹೀಗೆ: ಮೊದಲ ವಾರ ಪ್ರತಿಯೊಬ್ಬರೊಡನೆ 15 ನಿಮಿಷ ಕೂತು, ಏನನ್ನು ಓದಲು ಬರಬೇಕು ಎಂದು ಕೇಳಿ ಬರೆದಿಡಿ. 'ಓದು ಕಲಿಯಬೇಕು' ಎಂದರೆ ಸಾಲದು. 'ಮಾತ್ರೆಯ ಚೀಟಿ ನಾನೇ ಓದಬೇಕು' ಎಂಬಷ್ಟು ನಿರ್ದಿಷ್ಟವಾಗಿರಲಿ. ಆ ಚೀಟಿಯೇ ಪಾಠಕ್ಕೆ ಬರಲಿ. ನಾಲ್ಕು ವಾರಕ್ಕೊಮ್ಮೆ ಗುರಿಯನ್ನು ಮತ್ತೆ ತೆಗೆದು ನೋಡಿ. ಆದರೆ ಗುರಿ ಇದ್ದವರು ಹೇಗೂ ಉಳಿಯುತ್ತಿದ್ದರೇನೋ. ಸಂದರ್ಶನದಿಂದ ಅದು ಇತ್ಯರ್ಥವಾಗದು. ಆದ್ದರಿಂದಲೇ ಅಳತೆ ಬೇಕು.

ಬದಲಾವಣೆಗೆ ಮೊದಲೇ ಒಮ್ಮೆ ಅಳೆಯಿರಿ, ಹತ್ತು ವಾರದ ನಂತರ ಮತ್ತೊಮ್ಮೆ. ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ, ಓದಿದ್ದರ ಬಗ್ಗೆ ಮೂರು ಪ್ರಶ್ನೆ ಕೇಳಿ. ಎರಡನೇ ಸಲ ಅಷ್ಟೇ ಕಷ್ಟದ ಬೇರೆ ಭಾಗ ಕೊಡಿ. ಅದನ್ನೇ ಕೊಟ್ಟರೆ ನೆನಪನ್ನು ಅಳೆದಂತಾಗುತ್ತದೆ. ಎಲ್ಲರೆದುರು ಮಾತ್ರ ಓದಿಸಲೇಬೇಡಿ. ದೊಡ್ಡವರಿಗೆ ಅದು ಅವಮಾನ, ಮರುದಿನ ಬಾರದೇ ಇರಲು ಅಷ್ಟೇ ಸಾಕು.

ಹೆಚ್ಚಿನ ಕೇಂದ್ರಗಳು ಎಡವುವುದು ಸರಾಸರಿಯಲ್ಲಿ. ಆರಂಭದಲ್ಲಿ 20 ಜನರ ಸರಾಸರಿ 30 ಪದ, ಕೊನೆಯಲ್ಲಿ ಉಳಿದ 12 ಜನರದು 42 ಎಂದುಕೊಳ್ಳಿ. ಹನ್ನೆರಡು ಪದ ಏರಿತೆಂದು ವರದಿ ಬರೆಯುವ ಮೊದಲು ಅದೇ 12 ಜನರ ಆರಂಭದ ಅಂಕ ತೆಗೆಯಿರಿ. ಅದು 38 ಆಗಿದ್ದರೆ ಏರಿದ್ದು ನಾಲ್ಕೇ ಪದ. ಬಿಟ್ಟುಹೋದ ಎಂಟು ಜನರ ಸರಾಸರಿ 18 ಇತ್ತು. ಯಾರಿಗೆ ತರಗತಿ ಹೆಚ್ಚು ಬೇಕಿತ್ತೋ ಅವರೇ ಹೋಗಿದ್ದಾರೆ. ಹಾಗಾಗಿ ಎಷ್ಟು ಜನ ಉಳಿದರು ಎಂಬುದನ್ನೂ ಅಂಕದ ಪಕ್ಕದಲ್ಲೇ ಬರೆಯಿರಿ.

ಇಷ್ಟು ಸಣ್ಣ ಗುಂಪಿನಲ್ಲಿ ಮೂರು ನಾಲ್ಕು ಪದ ಆಕಸ್ಮಿಕವಾಗಿಯೂ ಏರಬಹುದು. ಮುಂದಿನ ತಂಡದಲ್ಲಿ ಅದೇ ಬದಲಾವಣೆಯನ್ನು ಇನ್ನೊಮ್ಮೆ ಮಾಡಿ ನೋಡಿ. ಗುರಿಯ ಮಾತುಕತೆ ನಿಜಕ್ಕೂ ನಡೆಯಿತೇ ಎಂದು ಬೋಧಕರು ದಿನಾಂಕ ಹಾಕಿ ಬರೆದಿಡಲಿ. ಎರಡು ತರಗತಿ ತಪ್ಪಿಸಿದವರಿಗೆ ಫೋನ್ ಮಾಡಿ ಕಾರಣ ಕೇಳಿ. ಕೆಲಸದ ಪಾಳಿ ಬದಲಾಗಿ ನಿಂತವರ ಹೆಸರು ಹೊಡೆದು ಹಾಕದೆ, ಮುಂದಿನ ತಂಡದ ಪಟ್ಟಿಯಲ್ಲಿ ಮೊದಲು ಬರೆಯಿರಿ.