ರ‍್ಯಾಲಿ ಕಾರಿನ ಹೊಟ್ಟೆಗೊಂದು ಕವಚ

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಹತ್ತು ಕಾರು ಓಡಿದರೆ ಸಾಕು, ಜಾಡು ಆಳವಾಗಿ ನಡುವಿನ ಕಲ್ಲು ತಲೆ ಎತ್ತುತ್ತದೆ. ಅದು ಬಡಿಯುವುದು ಸೀದಾ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ.

ಅದನ್ನು ಕಾಯುವ ಕವಚಕ್ಕೆ, ಅಂದರೆ ಸಂಪ್ ಗಾರ್ಡಿಗೆ, 6 ಮಿ.ಮೀ. ದಪ್ಪದ, 5052 ಅಥವಾ 5083 ದರ್ಜೆಯ ಅಲ್ಯೂಮಿನಿಯಂ ತಗಡು ತನ್ನಿ. ಚದರ ಮೀಟರಿಗೆ ಸುಮಾರು 16 ಕೆ.ಜಿ. ಬರುತ್ತದೆ, 3 ಮಿ.ಮೀ. ಉಕ್ಕು ಅಗ್ಗವಾದರೂ 23 ಕೆ.ಜಿ. ದಾಟುತ್ತದೆ. ಸಂಪಿಗೂ ಗಾರ್ಡಿಗೂ ಕನಿಷ್ಠ 25 ಮಿ.ಮೀ. ಅಂತರ ಬಿಡಿ. ಇಲ್ಲದಿದ್ದರೆ ಬಾಗಿದ ಗಾರ್ಡೇ ಸಂಪನ್ನು ಒಡೆಯುತ್ತದೆ. ಮುಂದಿನ ಅಂಚನ್ನು ಮೇಲಕ್ಕೆ ಮಡಿಸಿ, ಎಂಜಿನ್ ಹೊರುವ ಚೌಕಟ್ಟಿಗೇ (ಸಬ್‌ಫ್ರೇಮ್) ಬಿಗಿಯಿರಿ. ರೇಡಿಯೇಟರ್ ಹಿಡಿಕೆಗೆ ಖಂಡಿತ ಬೇಡ, ಒಂದೇ ಏಟಿಗೆ ಕಿತ್ತು ಬರುತ್ತದೆ.

ಗಾರ್ಡಿನ ಎಂ10 (10 ಮಿ.ಮೀ.) ಬೋಲ್ಟ್‌ಗಳ ತಲೆ ತಗಡಿನೊಳಗೆ ಹುದುಗಿರಲಿ. ಹೊರಗೆ ಚಾಚಿದ ತಲೆಯನ್ನು ಕಲ್ಲು ಸವೆಸಿಬಿಟ್ಟರೆ ಸ್ಪ್ಯಾನರ್ ಕೂರುವುದಿಲ್ಲ, ಗ್ರೈಂಡರೇ ಗತಿ.

ಗಾರ್ಡಿನಲ್ಲಿ ಆಯಿಲ್ ಇಳಿಸುವ ತೂತು ಕೊರೆಯಲು ಮರೆಯಬೇಡಿ. ಮಳೆಗಾಲದಲ್ಲಿ ಗಾರ್ಡಿನ ಮೇಲೆ ಕೆಸರು ಗಟ್ಟಿಯಾಗಿ ಎಂಜಿನ್ ಬಿಸಿಯೇರುತ್ತದೆ. ಪ್ರತಿ ಸರ್ವೀಸಿನಲ್ಲೂ ಕೆರೆದು ತೆಗೆಯಿರಿ.

ಪೆಟ್ರೋಲ್, ಬ್ರೇಕ್ ಪೈಪುಗಳನ್ನು ಚಾಸಿಯ ಒಳಮಗ್ಗುಲಿಗೆ ಸರಿಸಿ, ರಬ್ಬರ್ ಕ್ಲಿಪ್ ಹಾಕಿ. ಇಷ್ಟಕ್ಕೂ ಮುನ್ನ ನೀವು ಸ್ಪರ್ಧಿಸುವ ರ‍್ಯಾಲಿ ವಿಭಾಗದ (ಕ್ಲಾಸ್) ನಿಯಮ ಓದಿಕೊಳ್ಳಿ.